ಲೆದರ್ ಜಾಕೆಟ್ ನಿಂತಾಗ ಬಿಗಿ, ಬೈಕ್ ಮೇಲೆ ಸರಿ: 50 ಇಟ್ಟುಕೊಳ್ಳಲಾ, 52 ತರಿಸಲಾ?

ಕುವೆಂಪುನಗರ_350: ನನ್ನ ಎದೆ ಸುತ್ತಳತೆ 40 ಇಂಚು. ಆನ್‌ಲೈನ್‌ನಲ್ಲಿ ಯುರೋಪ್ ಅಳತೆಯ 50 ನಂಬರ್ ಲೆದರ್ ಜಾಕೆಟ್ ತರಿಸಿದ್ದೇನೆ. ನಿಂತರೆ ಭುಜ, ಬೆನ್ನು ಬಿಗಿ. ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿದರೆ ಆರಾಮ. ವಾಪಸ್ ಮಾಡಲು ಇನ್ನೂ ಟೈಮ್ ಇದೆ. ಏನು ಮಾಡಲಿ? ಮೈಸೂರು–ಬೆಂಗಳೂರು ಓಡಾಟವೇ ಜಾಸ್ತಿ.

ಯಾದವಗಿರಿ_ಯೆಜ್ಡಿ: ಕಣ್ಣು ಮುಚ್ಚಿಕೊಂಡು ಇಟ್ಟುಕೊಳ್ಳಿ. ರೈಡಿಂಗ್ ಜಾಕೆಟ್‌ನ ತೋಳನ್ನು ಮುಂದಕ್ಕೆ ಬಾಗಿಸಿಯೇ ಹೊಲಿದಿರುತ್ತಾರೆ. ಕನ್ನಡಿ ಮುಂದೆ ನಿಂತು ನೋಡುವ ಬಟ್ಟೆ ಅಲ್ಲ ಅದು. ಚರ್ಮ ಹಾಕುತ್ತಾ ಹಾಕುತ್ತಾ ಮೈಗೆ ಒಗ್ಗುತ್ತದೆ.

ಮದ್ದೂರು_ರೈಡರ್: "ಮೈಗೆ ಒಗ್ಗುತ್ತದೆ" ಅಂತ ಹೇಳಿ ಹೇಳಿಯೇ ಜನರಿಗೆ ಚಿಕ್ಕ ಜಾಕೆಟ್ ಹಾಕಿಸುತ್ತೀರಿ. ಎದೆ, ಬೆನ್ನಿನ ಕಡೆ ಸ್ವಲ್ಪ ಸಡಿಲ ಆಗಬಹುದು. ತೋಳು ಉದ್ದ ಆಗುತ್ತದಾ? ಲೆಕ್ಕವನ್ನೂ ನೋಡಿ. ಯುರೋಪ್ ನಂಬರ್ ಅಂದರೆ ಎದೆಯ ಸೆಂಟಿಮೀಟರ್‌ನಲ್ಲಿ ಅರ್ಧ. 50 ಅಂದರೆ 100 ಸೆಂ.ಮೀ. 40 ಇಂಚು ಅಂದರೆ 101.6. ಆಗಲೇ ದಾಟಿದ್ದೀರಿ. ಬೆಂಗಳೂರಿಗೆ ನೂರರ ಮೇಲೆ ಓಡಿಸುವವರು ಬೆನ್ನಿಗೂ ಪ್ಯಾಡ್ ಹಾಕಬೇಕು, ಅದಕ್ಕೆ ಜಾಗ ಎಲ್ಲಿ? 52 ತರಿಸಿ.

ಸರಸ್ವತಿಪುರಂ_ಸವಾರ: "ನೂರರ ಮೇಲೆ"? ಯಾವ ರಸ್ತೆಯಲ್ಲಿ ಸ್ವಾಮಿ? 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ನಮಗೆ ಸರ್ವೀಸ್ ರೋಡೇ ಗತಿ. ಆಟೋ, ಟ್ರ್ಯಾಕ್ಟರ್, ಕಬ್ಬಿನ ಗಾಡಿ ಮಧ್ಯೆ ಹೋಗುವುದಕ್ಕೆ ಲೆದರ್ ಯಾಕೆ? ಗಾಳಿ ಆಡುವ ಜಾಲರಿ ಬಟ್ಟೆಯ ಮೆಷ್ ಜಾಕೆಟ್ ಸಾಕು.

ಮದ್ದೂರು_ರೈಡರ್: ಸರ್ವೀಸ್ ರೋಡ್ ಅಂದರೆ ಬೀಳುವುದಿಲ್ಲ ಅಂತನಾ? ಅಲ್ಲೇ ರಾಂಗ್ ಸೈಡಲ್ಲಿ ಎದುರಿಗೆ ಬರುವುದು, ಅಲ್ಲೇ ಬಣ್ಣ ಇಲ್ಲದ ಹಂಪ್. 50 ಕಿ.ಮೀ. ವೇಗದಲ್ಲಿ ಬಿದ್ದು ಜಾರಿದರೂ ಮೊಣಕೈ ಕಿತ್ತು ಬರುತ್ತದೆ. ನಾನು ದಿನಾ ಅದೇ ರಸ್ತೆಯಲ್ಲಿ ಹೋಗುವವನು.

ಸರಸ್ವತಿಪುರಂ_ಸವಾರ: ದಿನಾ ಹೋಗುವವರಿಗೆ ಏಪ್ರಿಲ್ ಬಿಸಿಲು ಗೊತ್ತಿರಬೇಕು. ಲೆದರ್ ಬಿಚ್ಚಿ ಟ್ಯಾಂಕ್ ಮೇಲೆ ಇಟ್ಟುಕೊಂಡು ಹೋಗುವವರನ್ನು ನಾನೇ ನೋಡಿದ್ದೇನೆ. ಆಗ 50 ಆದರೇನು, 52 ಆದರೇನು?

ಚಾಮುಂಡಿ_ತಿರುವು: "ಮೆಷ್ ಸಾಕು" ಅಂತೀರಲ್ಲ, ಯಾವ ಮೆಷ್? ಒಳಗಿನ ಲೇಬಲ್ ನೋಡಿ. ರೈಡಿಂಗ್ ಬಟ್ಟೆಗೆ ಯುರೋಪಿನ ಮಾನದಂಡವಾದ ಇಎನ್ 17092 ಅಂತ ಇದ್ದು, ಪಕ್ಕದಲ್ಲಿ ಎಎಎ, ಎಎ ಅಥವಾ ಎ ಅಂತ ಇರಬೇಕು. ಬಟ್ಟೆ ಉಜ್ಜುವುದನ್ನು, ಹೊಲಿಗೆ ಬಿಡುವುದನ್ನು ಪರೀಕ್ಷೆ ಮಾಡಿ ಕೊಡುವ ದರ್ಜೆ ಅದು. ಎಎಎ ಮೇಲಿನದು. ಮೆಷ್‌ಗೆ ಅದು ಸಿಗುವುದು ಅಪರೂಪ.

ಸರಸ್ವತಿಪುರಂ_ಸವಾರ: ನಿಮ್ಮ ಲೇಬಲ್ ಪ್ರಕಾರವೇ ಎ ಕೂಡ ಪಾಸ್ ಆದದ್ದೇ ಅಲ್ವಾ? ಮುಗೀತು.

ಮಂಡ್ಯ_ಹೈದ: ಮೊದಲು ಬೈಕ್ ನಿಷೇಧದ ಮಾತು ಆಡ್ರಪ್ಪಾ! ನಮ್ಮ ಜಿಲ್ಲೆಯ ಗದ್ದೆ ಮೇಲೆ ರಸ್ತೆ ಹಾಕಿ, ನಮ್ಮನ್ನೇ ಪಕ್ಕಕ್ಕೆ ತಳ್ಳಿದರು. 650 ಸಿಸಿ ಬೈಕನ್ನೂ ಟ್ರ್ಯಾಕ್ಟರ್ ಸಾಲಿಗೆ ಸೇರಿಸಿದ್ದು ಯಾವ ನ್ಯಾಯ? ಜಾವಾ, ಯೆಜ್ಡಿ ತಯಾರಾದ ಮೈಸೂರಿಗೆ ಬೈಕಲ್ಲಿ ನೆಟ್ಟಗೆ ಹೋಗುವ ಹಾಗಿಲ್ಲ!

ಯಾದವಗಿರಿ_ಯೆಜ್ಡಿ: ಯೆಜ್ಡಿ ಹೆಸರು ಎತ್ತಬೇಡಿ. ಆ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಕಾರು 100ರಲ್ಲಿ ಬರುವಾಗ ಪಕ್ಕದಲ್ಲಿ 50ರಲ್ಲಿ ಸ್ಕೂಟರ್ ಹೋದರೆ ಸಾಯುವುದು ಸ್ಕೂಟರಿನವನು. ನಿಷೇಧ ಸರಿಯಾಗಿಯೇ ಇದೆ.

ಮಂಡ್ಯ_ಹೈದ: ಸ್ಕೂಟರ್ ಮಾತು ಯಾರು ಎತ್ತಿದರು? ನಾನು ಹೇಳಿದ್ದು 650 ಸಿಸಿ. ಓದಿ ಉತ್ತರ ಕೊಡಿ!

ಮದ್ದೂರು_ರೈಡರ್: ಮಂಡ್ಯದವರು ಹೇಳಿದ್ದು ನಿಜ. ದೊಡ್ಡ ಬೈಕಿಗೆ ಬಿಡಲೇಬೇಕು.

ಸರಸ್ವತಿಪುರಂ_ಸವಾರ: ದೊಡ್ಡ ಬೈಕಿಗೆ ಮಾತ್ರನಾ? 125 ಸಿಸಿ ಓಡಿಸುವವರು ಟ್ಯಾಕ್ಸ್ ಕಟ್ಟಲ್ವಾ?

ಕುವೆಂಪುನಗರ_350: ಅಣ್ಣಂದಿರಾ, ಜಾಕೆಟ್ ವಿಷಯಕ್ಕೆ ಬನ್ನಿ. ದೊಡ್ಡದು ತರಿಸಿ ಇಲ್ಲೇ ಟೈಲರ್ ಹತ್ತಿರ ಹಿಡಿಸಿದರೆ ಆಗುತ್ತದಾ?

ಚಾಮುಂಡಿ_ತಿರುವು: ಸೊಂಟ ಹಿಡಿಸಬಹುದು. ಭುಜದ ಹೊಲಿಗೆ ಬಿಚ್ಚಿಸಲೇಬೇಡಿ. ಚರ್ಮಕ್ಕೆ ಬಿದ್ದ ಸೂಜಿ ತೂತು ಮುಚ್ಚುವುದಿಲ್ಲ, ಜೋರಾಗಿ ಎಳೆದರೆ ಅಲ್ಲೇ ಹರಿಯುತ್ತದೆ. ಮನೆಯಲ್ಲೇ ನೋಡಿ. ಜಿಪ್ ಪೂರ್ತಿ ಹಾಕಿ, ಗ್ಲೌಸ್ ಹಾಕಿ, ಬೈಕ್ ಮೇಲೆ ಕೂತು ಕೈ ಚಾಚಿ. ಮಣಿಕಟ್ಟು ಕಾಣಬಾರದು. ಮೊಣಕೈ ಪ್ಯಾಡ್ ಹಿಡಿದು ತಿರುಗಿಸಿ. ಅದು ಪಕ್ಕಕ್ಕೆ ಸರಿದರೆ ಜಾಕೆಟ್ ದೊಡ್ಡದು, ಬಿದ್ದಾಗ ಪ್ಯಾಡ್ ಮೊಣಕೈ ಮೇಲೆ ಇರುವುದೇ ಇಲ್ಲ. 52 ಬೇಕೇ ಅನಿಸಿದರೆ, ಸೈಟಿನ ಪಟ್ಟಿಯಲ್ಲಿರುವುದು ಮೈ ಅಳತೆಯೋ ಜಾಕೆಟ್ ಅಳತೆಯೋ ಅಂತ ಕೇಳಿಯೇ ಆರ್ಡರ್ ಮಾಡಿ. ತುಂಬಾ ಜನ ಎಡವುವುದು ಅಲ್ಲೇ.

ಮದ್ದೂರು_ರೈಡರ್: "52 ಬೇಕೇ ಅನಿಸಿದರೆ" ಅಂತ ಅವರೇ ಬರೆದಿದ್ದಾರೆ. ನಾನು ಮೊದಲೇ ಹೇಳಿದ್ದೆ.

ಯಾದವಗಿರಿ_ಯೆಜ್ಡಿ: "ಸರಿದರೆ ಜಾಕೆಟ್ ದೊಡ್ಡದು" ಅಂತಲೂ ಅವರೇ ಬರೆದಿದ್ದಾರೆ. ಅದನ್ನು ಯಾಕೆ ಬಿಟ್ಟಿರಿ?

ಕುವೆಂಪುನಗರ_350: ಚಾಮುಂಡಿ ಮೇಡಂ ಹೇಳಿದ ಹಾಗೆ ನೋಡಿದೆ. ಮಣಿಕಟ್ಟು ಕಾಣುತ್ತಿಲ್ಲ, ಪ್ಯಾಡ್ ಅಲುಗಾಡುತ್ತಿಲ್ಲ. ಸ್ನೇಹಿತನ ಬೆನ್ನಿನ ಪ್ಯಾಡ್ ತಂದು ಒಳಗಿಟ್ಟರೂ ಜಿಪ್ ಬಂತು. 50 ಇಟ್ಟುಕೊಳ್ಳುತ್ತೇನೆ.

ಮದ್ದೂರು_ರೈಡರ್: ಚಳಿಯಲ್ಲಿ ಊಟಿಗೆ ಹೋಗುವಾಗ ಒಳಗೆ ಸ್ವೆಟರ್ ಹಾಕಿ ನೋಡಿ, ಆಮೇಲೆ ಮಾತಾಡೋಣ.

ಮಂಡ್ಯ_ಹೈದ: 650 ಸಿಸಿ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.