ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತಿದೆ, ದೊಡ್ಡ ಡಿಸ್ಕ್ ಹಾಕಿಸಬೇಕಾ?

ದೂರದಾರಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಏಳು ವರ್ಷ ಹಳೆಯ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಇದೆ. 90 ಸಾವಿರ ಕಿಲೋಮೀಟರ್ ದಾಟಿದೆ. ಮನೆಮಂದಿಯೆಲ್ಲ ಓಡಾಡುವುದು ಇದರಲ್ಲೇ, ಹಿಂದಿನ ಸೀಟು ಖಾಲಿ ಇರುವುದೇ ಅಪರೂಪ.

ಮೊನ್ನೆ ಐದು ಜನ, ಡಿಕ್ಕಿ ತುಂಬ ಲಗೇಜು ಇಟ್ಟುಕೊಂಡು ಉದ್ದದ ಘಾಟಿ ಇಳಿಯುತ್ತಿದ್ದೆವು. ಅರ್ಧ ದಾರಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಆಮೇಲೆ ಪೆಡಲ್ ಮೆತ್ತಗಾಗಿ ಜಾಸ್ತಿ ಒಳಗೆ ಹೋಗತೊಡಗಿತು. ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟ ಮೇಲೆ ಮೊದಲಿನ ಹಾಗೇ ಆಯಿತು. ಇನ್ನೊಂದು ತೊಂದರೆ ಏನೆಂದರೆ, 80ರ ಮೇಲಿನ ವೇಗದಲ್ಲಿ ಬ್ರೇಕ್ ಒತ್ತಿದರೆ ಸ್ಟೀರಿಂಗ್ ನಡುಗುತ್ತದೆ. ಹ್ಯಾಂಡ್‌ಬ್ರೇಕ್ ಕೂಡ ತುಂಬಾ ಮೇಲಕ್ಕೆ ಎಳೆಯಬೇಕು.

ಒಂದು ಗ್ಯಾರೇಜಿನವರು ತೂತಿರುವ ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಭಾಗ) ಕಿಟ್ ಹಾಕಿಸಿ ಎನ್ನುತ್ತಾರೆ. ಇನ್ನೊಬ್ಬರು ಇರುವ ಡಿಸ್ಕನ್ನೇ ಲೇತ್‌ಗೆ ಹಾಕಿ ಸಮ ಮಾಡಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ? ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ಗಾಡಿ, ಅದಕ್ಕೇ ಕೇಳುತ್ತಿದ್ದೇನೆ.

ಟರ್ಬೊ:

ಕಿಟ್ ಹಾಕಿಸಿ ಸರ್, ಯೋಚನೆ ಮಾಡಬೇಡಿ. ನನ್ನ ಗಾಡಿಗೆ ಹಾಕಿಸಿದ್ದೇನೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಬಂದಿದೆ. ನಿಮ್ಮ ವೀಲ್ ಒಳಗೆ ಕ್ಯಾಲಿಪರ್ ಹಿಡಿಯುತ್ತದಾ ಅಂತ ಮಾತ್ರ ಮೊದಲೇ ಅಳತೆ ನೋಡಿಸಿ.

ಸ್ಪ್ಯಾನರ್ 14:

ದೂರದಾರಿ ಅವರೇ, ಕಿಟ್ ಆರ್ಡರ್ ಮಾಡುವ ಮುಂಚೆ ಸ್ವಲ್ಪ ತಡೆಯಿರಿ. ನೀವು ಹೇಳಿದ ಮೂರು ತೊಂದರೆಗೂ ಬೇರೆ ಬೇರೆ ಕಾರಣ ಇರುತ್ತದೆ. ಬಹುಶಃ ಯಾವುದಕ್ಕೂ ದೊಡ್ಡ ಡಿಸ್ಕ್ ಮದ್ದಲ್ಲ.

ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ನಿಲ್ಲದಿದ್ದರೆ ಡಿಸ್ಕಿಗೆ ಒತ್ತುವ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಅಂತ ಅರ್ಥ. ಪೆಡಲ್ಲೇ ಮೆತ್ತಗಾಗಿ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ. ನಿಮ್ಮದು ಎರಡನೆಯದು. ಆಯಿಲ್ ಕುದಿದರೆ ಕ್ಯಾಲಿಪರ್ ಹತ್ತಿರ ಆವಿಯ ಗುಳ್ಳೆ ಹುಟ್ಟುತ್ತವೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನೀವು ತುಳಿದದ್ದೆಲ್ಲ ಆ ಗುಳ್ಳೆಗಳನ್ನು ಅದುಮುವುದಕ್ಕೇ ಹೋಗುತ್ತದೆ, ಪ್ಯಾಡ್‌ಗೆ ತಲುಪುವುದಿಲ್ಲ. ತಣಿದ ಮೇಲೆ ಸರಿಹೋಯಿತು ಅಂದಿರಲ್ಲ, ಅದೇ ಗುರುತು.

ಬ್ರೇಕ್ ಆಯಿಲ್ ಗಾಳಿಯಿಂದ ನೀರಿನ ಪಸೆ ಹೀರುತ್ತದೆ. ರಬ್ಬರ್ ಹೋಸ್ ಮೂಲಕವೂ ನಿಧಾನಕ್ಕೆ ಸೇರುತ್ತದೆ. ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕಡಿಮೆ ಎಂದರೂ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು, ಡಾಟ್ 4 ಆದರೆ 230. ಶೇ. 3.7ರಷ್ಟು ನೀರು ಸೇರಿದಾಗ ಅದೇ ಲೆಕ್ಕ 140 ಮತ್ತು 155ಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಬಹಳಷ್ಟು ಕಂಪನಿಗಳು ಬರೆದಿರುತ್ತವೆ. ಗಾಡಿ ಕಡಿಮೆ ಓಡಿದ್ದರೂ ಈ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ನೀರು ಸೇರುವುದು ಕಾಲದಿಂದ, ಕಿಲೋಮೀಟರಿನಿಂದಲ್ಲ. ನಿಮ್ಮ ಗಾಡಿಯ ಹಳೇ ಸರ್ವಿಸ್ ಬುಕ್ ಇದ್ದರೆ ತೆಗೆದು ನೋಡಿ, ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಬರೆದಿದೆಯಾ?

ಘಾಟಿಯಲ್ಲಿ ಬ್ರೇಕಿಗೆ ಎಷ್ಟು ಕಷ್ಟ ಅಂತ ಒಂದು ಲೆಕ್ಕ ಹೇಳುತ್ತೇನೆ. ಜನ, ಲಗೇಜು ಸೇರಿ ಗಾಡಿ 1,400 ಕೆಜಿ ಅಂತ ಇಟ್ಟುಕೊಳ್ಳಿ. 100 ಕಿಲೋಮೀಟರ್ ವೇಗದಿಂದ ಒಂದು ಸಲ ಪೂರ್ತಿ ನಿಲ್ಲಿಸಿದರೆ ಸುಮಾರು 540 ಕಿಲೋಜೂಲ್ ಶಾಖ. ಅದೇ ಗಾಡಿ 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಮೇಲೆ ಇಳಿದರೆ ಸುಮಾರು 6,900 ಕಿಲೋಜೂಲ್. ಅಂದರೆ 100ರಿಂದ ಹನ್ನೆರಡು ಹದಿಮೂರು ಸಲ ನಿಲ್ಲಿಸಿದಷ್ಟು, ಅದೂ ತಣಿಯಲು ಬಿಡುವೇ ಇಲ್ಲದ ಹಾಗೆ. ಈ ಭಾರದಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರಬೇಕು. ಮೂರನೇ ಗೇರ್ ಸಾಲದಿದ್ದರೆ ಎರಡನೆಯದು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಬೇಕಾದಾಗ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ.

ಈಗ ಟರ್ಬೊ ಅವರ ಮಾತಿಗೆ ಬರುತ್ತೇನೆ. ನಿಮ್ಮ ಕಿಟ್ ಜೊತೆ ಹೊಸ ಪ್ಯಾಡ್, ಹೊಸ ಹೋಸ್, ಹೊಸ ಆಯಿಲ್ ಎಲ್ಲ ಬಂದಿರುತ್ತದೆ, ಅಲ್ವಾ? ಪೆಡಲ್ ಗಟ್ಟಿಯಾದದ್ದರಲ್ಲಿ ಅವುಗಳ ಪಾಲೇ ಜಾಸ್ತಿ. ದೊಡ್ಡ ಡಿಸ್ಕಿನಿಂದ ಶಾಖ ತಡೆಯುವ ಶಕ್ತಿ ಹೆಚ್ಚುತ್ತದೆ, ಅದು ನಿಜ. ಆದರೆ ಗಾಡಿಯನ್ನು ಕೊನೆಗೆ ನಿಲ್ಲಿಸುವುದು ಟಯರ್. ಗಟ್ಟಿಯಾಗಿ ತುಳಿದಾಗ ಪೆಡಲ್ ಕಾಲಡಿಯಲ್ಲಿ ಕಟಕಟ ಅಂತ ಎಬಿಎಸ್ ಒದೆಯಿತು ಅಂದರೆ ಟಯರಿನ ಹಿಡಿತ ಅಲ್ಲಿಗೆ ಮುಗಿಯಿತು. ಬ್ರೇಕ್ ಎಷ್ಟೇ ದೊಡ್ಡದಿದ್ದರೂ ಅದಕ್ಕಿಂತ ಬೇಗ ನಿಲ್ಲುವುದಿಲ್ಲ. ಇನ್ನು ಕ್ಯಾಲಿಪರ್ ಪಿಸ್ಟನ್ ದೊಡ್ಡದಾಗಿ, ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೆಯದೇ ಉಳಿದರೆ ಪೆಡಲ್ ಇನ್ನೂ ಆಳಕ್ಕೆ ಹೋಗುತ್ತದೆ. ಮುಂದಿನ ಬ್ರೇಕ್ ಮಾತ್ರ ಬಲವಾದರೆ ಮುಂದೆ ಹಿಂದೆ ಕಂಪನಿ ಇಟ್ಟ ಹೊಂದಾಣಿಕೆಯೂ ಕೆಡುತ್ತದೆ. ತೂತಿನ ಡಿಸ್ಕ್ ಅಂತೂ ಮನೆ ಗಾಡಿಗೆ ಬೇಡವೇ ಬೇಡ. ಪದೇ ಪದೇ ಕಾದು ತಣಿದರೆ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ.

ಮುಂದಿನ ಎರಡೂ ಚಕ್ರ ಬಿಚ್ಚಿಸಿ, ನೀವೇ ಪಕ್ಕದಲ್ಲಿ ನಿಂತು ನೋಡಿ. ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎಷ್ಟೆಷ್ಟು ದಪ್ಪ ಉಳಿದಿದೆ ಅಂತ ಬೇರೆ ಬೇರೆಯಾಗಿ ಅಳೆಯಿರಿ. ಡಿಸ್ಕ್ ಎಷ್ಟು ದಪ್ಪ ಇದೆ, ಅದರ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಕೊರೆದಿದೆ, ಅದನ್ನೂ ಬರೆದುಕೊಳ್ಳಿ. ಇಲ್ಲಿ ಹಾಕಿ, ಮುಂದೆ ಮಾತಾಡೋಣ. ಅಲ್ಲಿಯವರೆಗೆ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಬೇಡಿ.

ದೂರದಾರಿ:

ತುಂಬಾ ಥ್ಯಾಂಕ್ಸ್. ಸರ್ವಿಸ್ ಬುಕ್ಕಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದ ಸುದ್ದಿಯೇ ಇಲ್ಲ.

ಚಕ್ರ ಬಿಚ್ಚಿಸಿದೆವು. ಎಡಗಡೆ ಹೊರಗಿನ ಪ್ಯಾಡ್ 7 ಮಿಲಿಮೀಟರ್, ಒಳಗಿನದು 3 ಕೂಡ ಇಲ್ಲ. ಬಲಗಡೆ ಎರಡೂ ಹೆಚ್ಚುಕಡಿಮೆ ಸಮ ಇವೆ. ಡಿಸ್ಕ್ ದಪ್ಪ 20.4, ಕೊರೆದಿರುವುದು 20. ಇದಕ್ಕೆ ಲೇತ್ ಕೆಲಸ ಮಾಡಿಸಬಹುದಾ?

ಸ್ಪ್ಯಾನರ್ 14:

ಬೇಡ. ಎರಡೂ ಮುಖದಿಂದ ತಲಾ 0.2 ತೆಗೆದರೂ 20ಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಸವೆಯುವುದಕ್ಕೆ ಏನೂ ಉಳಿಯುವುದಿಲ್ಲ, ಶಾಖ ತಡೆಯುವ ತೂಕವೂ ಕಡಿಮೆಯಾಗುತ್ತದೆ. ಕಂಪನಿ ಅಳತೆಯ ಹೊಸ ಡಿಸ್ಕ್ ಜೋಡಿ, ಹೊಸ ಪ್ಯಾಡ್ ಸೆಟ್ ಹಾಕಿಸಿ. ಯಾವಾಗಲೂ ಎರಡೂ ಕಡೆ ಒಟ್ಟಿಗೇ ಹಾಕಬೇಕು.

ಎಡಗಡೆ ಒಳಗಿನ ಪ್ಯಾಡ್ ಯಾಕೆ ಸವೆಯಿತು ಅಂತ ಕಂಡುಹಿಡಿಯದೆ ಹೊಸದು ಹಾಕಿದರೆ ಅದೂ ಹಾಗೇ ಸವೆಯುತ್ತದೆ. ನಿಮ್ಮಂಥ ಗಾಡಿಗಳಲ್ಲಿ ಪಿಸ್ಟನ್ ಒಂದೇ ಕಡೆ ಇರುತ್ತದೆ. ಅದು ಒಳಗಿನ ಪ್ಯಾಡನ್ನು ತಳ್ಳುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್ ಮೇಲೆ ಸರಿದು ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಪಿನ್ ಕಚ್ಚಿಕೊಂಡರೆ ಕ್ಯಾಲಿಪರ್ ಸರಿಯುವುದಿಲ್ಲ, ಒಳಗಿನ ಪ್ಯಾಡ್ ಒಂದೇ ಕೆಲಸ ಮಾಡುತ್ತದೆ. ಬಿಟ್ಟ ಮೇಲೂ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಆ ಚಕ್ರದ ಆಯಿಲ್ ಬೇಗ ಕುದಿಯುವುದಕ್ಕೆ ಇದೂ ಒಂದು ಕಾರಣ.

ಪಿನ್ ಕೈಯಲ್ಲಿ ಎಳೆದು ನೋಡಿ. ಸರಿಯಿದ್ದರೆ ಎರಡು ಬೆರಳಲ್ಲಿ ಸರಾಗವಾಗಿ ಬರುತ್ತದೆ, ತಳ್ಳಿ ಬಿಟ್ಟರೆ ಒಳಗಿನ ಗಾಳಿಗೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಹಾಳಾದ ಪಿನ್ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ತಿರುಗಿಸಿ ತಿರುಗಿಸಿ ಎಳೆಯಬೇಕಾಗುತ್ತದೆ. ಮೇಲಿನ ರಬ್ಬರ್ ಬೂಟ್ ಎಲ್ಲೋ ಹರಿದು ನೀರು ಹೋಗಿರುತ್ತದೆ. ಪಿನ್ ಒರೆಸಿ, ರಂಧ್ರ ಸ್ವಚ್ಛ ಮಾಡಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ಹಚ್ಚಬೇಕು. ಬೇರಿಂಗಿಗೆ ಹಾಕುವ ಗ್ರೀಸ್ ಹಚ್ಚಲು ಬಿಡಬೇಡಿ, ಅದಕ್ಕೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಕಚ್ಚುತ್ತದೆ. ಪಿನ್ ಮೇಲೆ ಗುಳಿ ಬಿದ್ದಿದ್ದರೆ ಪಿನ್ನೇ ಬದಲಾಯಿಸಿ. ಪಿನ್ ಸರಿಯಿದೆ ಅನ್ನಿಸಿದರೆ ಪಿಸ್ಟನ್ ತಳ್ಳಿ ನೋಡಿಸಿ, ಅದೂ ಕಚ್ಚಿರಬಹುದು.

ಇನ್ನು ಸ್ಟೀರಿಂಗ್ ನಡುಕ. ಡಿಸ್ಕ್ ಬೆಂಡಾಗಿದೆ ಅಂತ ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಹೆಚ್ಚಿನ ಸಲ ಆಗಿರುವುದು ಬೇರೆ. ಡಿಸ್ಕ್ ಕೂರುವ ಹಬ್ ಮುಖದ ಮೇಲೆ ತುಕ್ಕಿನ ಪದರ ಇರುತ್ತದೆ. ಅದರ ಮೇಲೆ ಡಿಸ್ಕ್ ಕೂರಿಸಿದರೆ ಕೂದಲೆಳೆಯಷ್ಟು ಓರೆಯಾಗಿ ತಿರುಗುತ್ತದೆ. ಮೊದಲಿಗೆ ಏನೂ ಗೊತ್ತಾಗುವುದಿಲ್ಲ. ಬ್ರೇಕ್ ಹಾಕದಿದ್ದಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡಿಗೆ ತಾಗುತ್ತಾ ಹೋಗುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಆ ಜಾಗ ತೆಳ್ಳಗಾಗಿ ಪೆಡಲ್, ಸ್ಟೀರಿಂಗ್ ಎರಡೂ ನಡುಗತೊಡಗುತ್ತವೆ. ಹೊಸ ಡಿಸ್ಕ್ ಹಾಕಿಸಿ ಸ್ವಲ್ಪ ದಿನಕ್ಕೇ ಮತ್ತೆ ನಡುಗುತ್ತಿದೆ ಅಂತ ಬರುವವರ ಕಥೆ ಬಹುಪಾಲು ಇದೇ.

ಅದಕ್ಕೇ ಹೊಸ ಡಿಸ್ಕ್ ಕೂರಿಸುವ ಮುಂಚೆ ಹಬ್ ಮುಖವನ್ನು ಲೋಹ ಹೊಳೆಯುವವರೆಗೆ ವೈರ್ ಬ್ರಷ್‌ನಿಂದ ಉಜ್ಜಿಸಿ. ನಟ್ ಇರುವ ಬೋಲ್ಟ್‌ಗಳ ಬುಡದಲ್ಲಿ ತುಕ್ಕು ಉಳಿದುಬಿಡುತ್ತದೆ, ಅಲ್ಲೂ ನೋಡಿ. ಡಯಲ್ ಗೇಜ್ ಇರುವ ಗ್ಯಾರೇಜಾದರೆ ಓರೆ ಅಳೆಯಲು ಹೇಳಿ. ಬಹಳಷ್ಟು ಗಾಡಿಗಳಿಗೆ 0.05 ಮಿಲಿಮೀಟರ್ ಒಳಗಿದ್ದರೆ ಒಳ್ಳೆಯದು. ವೀಲ್ ನಟ್‌ಗಳನ್ನು ಏರ್ ಗನ್‌ನಲ್ಲಿ ಸಿಕ್ಕಾಪಟ್ಟೆ ಬಿಗಿಯಲು ಬಿಡಬೇಡಿ. ಎದುರು ಬದುರು ನಟ್ ಹಿಡಿದು, ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ.

ಆಯಿಲ್ ಬದಲಾಯಿಸುವಾಗ ಸೀಲ್ ಒಡೆಯದ ಬಾಟಲಿಯೇ ಬೇಕು. ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತಿದ್ದರೂ ಸಾಮಾನ್ಯವಾಗಿ ಡಾಟ್ 4 ಹಾಕಬಹುದು, ಕೈಪಿಡಿ ಒಮ್ಮೆ ನೋಡಿಕೊಳ್ಳಿ. ಡಾಟ್ 5 ಮಾತ್ರ ಹಾಕಲೇಬಾರದು, ಅದು ಸಿಲಿಕಾನ್ ಆಯಿಲ್, ಇವುಗಳ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಯದೇ. ಬ್ಲೀಡಿಂಗ್ ಮಾಡುವಾಗ, ಅಂದರೆ ಹಳೇ ಆಯಿಲ್, ಗಾಳಿ ಹೊರಗೆ ತೆಗೆಯುವಾಗ, ಆ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಬೇಕು. ಎಬಿಎಸ್ ಘಟಕದೊಳಗೆ ಗಾಳಿ ಹೋದರೆ ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿಯೇ ತೆಗೆಯಬೇಕಾಗುತ್ತದೆ. ಹಳೇ ಗಾಡಿಯಲ್ಲಿ ಪೆಡಲನ್ನು ನೆಲ ಮುಟ್ಟುವಂತೆ ತುಳಿಯಬಾರದು, ಅಡಿಗೆ ಒಂದು ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರಿನ ಆಳದಲ್ಲಿ ಸೀಲ್ ಎಂದೂ ಓಡಾಡದ ಜಾಗದಲ್ಲಿ ತುಕ್ಕು ಕೂತಿರುತ್ತದೆ, ಅದು ಸೀಲನ್ನು ಹರಿಯುತ್ತದೆ.

ಮಳೆಗಾಲ:

ಸ್ಪ್ಯಾನರ್ ಅವರು ಟಯರ್ ಮಾತು ಎತ್ತಿದ್ದು ಒಳ್ಳೆಯದಾಯಿತು. ದೂರದಾರಿ ಅವರೇ, ಉಳಿಯುವ ದುಡ್ಡನ್ನು ಅಲ್ಲಿ ಹಾಕಿ. ಟಯರಿನ ಗೀರು ಸವೆದು 1.6 ಮಿಲಿಮೀಟರ್ ಆಳದ ಗೆರೆ ಬರುವವರೆಗೆ ಕಾಯಬೇಡಿ, 3ಕ್ಕಿಂತ ಕೆಳಗಿಳಿದರೆ ನೀರಿನ ರಸ್ತೆಯಲ್ಲಿ ಹಿಡಿತ ತುಂಬಾ ಬೀಳುತ್ತದೆ. ಜೊತೆಗೆ ಗಾಡಿ ಎತ್ತಿದಾಗಲೇ ಲೋವರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್) ಹರಿದಿದೆಯಾ ನೋಡಿಸಿ. ಬುಷ್ ಸಡಿಲವಾಗಿದ್ದರೆ ಡಿಸ್ಕಿನ ಸಣ್ಣ ನಡುಕವೂ ಸ್ಟೀರಿಂಗಿನಲ್ಲಿ ದೊಡ್ಡದಾಗಿ ಕಾಣಿಸುತ್ತದೆ. ಶಾಕ್ ಅಬ್ಸಾರ್ಬರ್ ಮೈಮೇಲೆ ಆಯಿಲ್ ಸೋರಿದ್ದರೆ ಅದನ್ನೂ ಬಿಡಬೇಡಿ. ಟಯರ್ ರಸ್ತೆಯ ಮೇಲೆ ಕುಣಿಯುತ್ತಿದ್ದರೆ ಬ್ರೇಕ್ ಏನು ಹಿಡಿಯುತ್ತದೆ?

ದೂರದಾರಿ:

ಪಿನ್ ನಿಜವಾಗಲೂ ಕಚ್ಚಿತ್ತು, ಕೆಳಗಿನದು. ಬೂಟ್ ಹರಿದಿತ್ತು. ಪಿನ್, ಬೂಟ್, ಡಿಸ್ಕ್, ಪ್ಯಾಡ್, ಆಯಿಲ್ ಎಲ್ಲ ಹೊಸದಾಯಿತು, ಹಬ್ ಉಜ್ಜಿಸಿದೆ. ಪೆಡಲ್ ಮೇಲೆ ಬಂದಿದೆ. ಆದರೆ ಬ್ರೇಕ್ ಹಿಡಿತ ಅಂದುಕೊಂಡಷ್ಟು ಇಲ್ಲ. ಹ್ಯಾಂಡ್‌ಬ್ರೇಕ್ ಇನ್ನೂ ಹಾಗೇ ಇದೆ. ಕೇಬಲ್ ಬಿಗಿ ಮಾಡಿಕೊಡುತ್ತೇನೆ ಎಂದರು. ಮಾಡಿಸಲಾ?

ಸ್ಪ್ಯಾನರ್ 14:

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ಪ್ಯಾಡ್ ಡಬ್ಬಿಯ ಮೇಲೆ ವಿಧಾನ ಬರೆದಿದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ ಖಾಲಿ ರಸ್ತೆ ನೋಡಿಕೊಂಡು 60ರಿಂದ 15ರವರೆಗೆ ಹದವಾಗಿ ಒತ್ತಿ ಇಳಿಸಿ, ಬಿಡಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ. ಎಂಟು ಹತ್ತು ಸಲ ಮಾಡಿ. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿಹಿಡಿಯಬೇಡಿ, ಕಾದ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಒಂದೇ ಕಡೆ ಕೂತು ಮತ್ತೆ ನಡುಕ ಬರುತ್ತದೆ. ಕೊನೆಗೆ ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ತಣಿಸಿ.

ಕೇಬಲ್ ಸದ್ಯಕ್ಕೆ ಮುಟ್ಟಿಸಬೇಡಿ. ಮೊದಲು ಹಿಂದಿನ ಡ್ರಮ್ ಬಿಚ್ಚಬೇಕು. ಡ್ರಮ್ಮಿಗೆ ಒಳಗಿನಿಂದ ಒತ್ತುವ ಶೂ ಸವೆದ ಹಾಗೆಲ್ಲ ತಾನೇ ಅಗಲವಾಗುವ ಅಡ್ಜಸ್ಟರ್ ಒಳಗೆ ಇರುತ್ತದೆ. ಅದರ ಹಲ್ಲುಚಕ್ರಕ್ಕೆ ಧೂಳು, ತುಕ್ಕು ಹಿಡಿದು ನಿಂತುಬಿಟ್ಟಿರುತ್ತದೆ. ಅದನ್ನು ಬಿಟ್ಟು ಕೇಬಲ್ ಬಿಗಿ ಮಾಡಿದರೆ ಶೂ ಲಿವರ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಅಡ್ಜಸ್ಟರ್ ಮತ್ತೆಂದೂ ಕೆಲಸ ಮಾಡುವುದಿಲ್ಲ. ಶೂ ದಪ್ಪ ನೋಡಿಸಿ, ಅಡ್ಜಸ್ಟರ್ ಸ್ವಚ್ಛ ಮಾಡಿಸಿ, ಡ್ರಮ್ ಹಾಕಿ ತಿರುಗಿಸಿದಾಗ ಶೂ ತುಸುವೇ ಸವರುವಂತೆ ಅಗಲ ಮಾಡಿಸಿ. ಆಮೇಲೂ ಹ್ಯಾಂಡ್‌ಬ್ರೇಕ್ ಮೇಲಿದ್ದರೆ ಆಗ ಕೇಬಲ್.

ಡ್ರಮ್ ಬಿಚ್ಚಿದಾಗ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ತೊಟ್ಟಿಕ್ಕುವಷ್ಟು ಒದ್ದೆಯಿದ್ದರೆ ಸಿಲಿಂಡರ್ ಬದಲಾಯಿಸಬೇಕು. ಶೂ ಮೇಲೆ ಆಯಿಲ್ ಬಿದ್ದಿದ್ದರೆ ತೊಳೆದು ಹಾಕುತ್ತೇನೆ ಅನ್ನುವವರ ಮಾತಿಗೆ ಒಪ್ಪಬೇಡಿ, ಎರಡೂ ಕಡೆ ಹೊಸ ಶೂ ಹಾಕಿಸಿ. ಇನ್ನು ಆ ಧೂಳನ್ನು ಗಾಳಿ ಪೈಪಿನಲ್ಲಿ ಊದಲು ಬಿಡಬೇಡಿ, ಉಸಿರಿಗೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒರೆಸಲಿ.