ಖಾಸಗಿ ಸೈನಿಕ ಕಂಪನಿಯವರು ಜನರನ್ನು ಕೊಂದರೆ ಕೇಸು ನಡೆಸುವವರು ಯಾರು?

ಶಶಿ (ಪ್ರಶ್ನೆ):
ಅಮೆರಿಕದ ಖಾಸಗಿ ಸೈನಿಕ ಕಂಪನಿ ಬ್ಲ್ಯಾಕ್‌ವಾಟರ್ ಬಗ್ಗೆ ಓದುತ್ತಿದ್ದೇನೆ. 2007ರ ಸೆಪ್ಟೆಂಬರ್ 16ರಂದು ಬಾಗ್ದಾದಿನ ನಿಸೂರ್ ಚೌಕದಲ್ಲಿ ಅದರ ಕಾವಲುಗಾರರು 17 ಜನರನ್ನು ಗುಂಡಿಟ್ಟು ಕೊಂದರು. ನಡು ಮಧ್ಯಾಹ್ನ, ಅಷ್ಟೊಂದು ಜನ ನೋಡಿದ್ದಾರೆ. ಆದರೂ ತೀರ್ಪು ಬಂದಿದ್ದು 2014ರಲ್ಲಿ. ಇಂಥವರಿಗೆ ಕಾನೂನೇ ಇಲ್ವಾ?

ಗಿರಿಜಾ:
ಇರಾಕಿನ ಕಾನೂನು ಅವರನ್ನು ಮುಟ್ಟುವ ಹಾಗಿರಲಿಲ್ಲ. 2004ರ ಜೂನ್‌ನಲ್ಲಿ, ಅಧಿಕಾರ ಬಿಟ್ಟುಕೊಡುವ ಮುಂಚಿನ ದಿನಗಳಲ್ಲಿ, ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ 17ನೇ ಆದೇಶಕ್ಕೆ ಸಹಿ ಹಾಕಿ ಬ್ಲ್ಯಾಕ್‌ವಾಟರ್‌ನಂಥ ಗುತ್ತಿಗೆದಾರರಿಗೆ ಇರಾಕಿನ ಕಾನೂನಿನಿಂದ ರಕ್ಷಣೆ ಕೊಟ್ಟರು. ಹಾಗಾಗಿ ಉಳಿದಿದ್ದು ಅಮೆರಿಕದ ಕೋರ್ಟು ಮಾತ್ರ.

ಅಲ್ಲಿ ಕೇಸು ಹಾಳಾಗಿದ್ದು ಹೇಗೆ ಗೊತ್ತಾ? ಗುಂಡು ಹಾರಿಸಿದವರನ್ನು ಮೊದಲು ವಿಚಾರಿಸಿದ್ದು ವಿದೇಶಾಂಗ ಇಲಾಖೆ. ಅದೇ ಅವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಇಲಾಖೆ! ನೀವು ಹೇಳಿದ್ದನ್ನು ನಿಮ್ಮ ಮೇಲಿನ ಕ್ರಿಮಿನಲ್ ಕೇಸಿನಲ್ಲಿ ಬಳಸುವುದಿಲ್ಲ ಅಂತ ಭರವಸೆ ಕೊಟ್ಟು ಹೇಳಿಕೆ ಬರೆಸಿಕೊಂಡರು. ಎಫ್‌ಬಿಐ ಬಾಗ್ದಾದಿಗೆ ಬಂದಿದ್ದು ಆಮೇಲೆ. 2009ರ ಡಿಸೆಂಬರ್ 31ರಂದು ನ್ಯಾಯಾಧೀಶರು ಇಡೀ ಕೇಸನ್ನೇ ವಜಾ ಮಾಡಿದರು. ಆ ಹೇಳಿಕೆಗಳ ನೆರಳು ಸಾಕ್ಷ್ಯದ ಮೇಲೆಲ್ಲ ಬಿದ್ದಿದೆ ಅನ್ನುವುದು ಕಾರಣ. 2011ರಲ್ಲಿ ಮೇಲಿನ ಕೋರ್ಟು ಕೇಸಿಗೆ ಮತ್ತೆ ಜೀವ ಕೊಟ್ಟಿತು.

ಅಂದು ಬಿಳಿ ಕಿಯಾ ಕಾರಿನಲ್ಲಿದ್ದವರು ಒಬ್ಬ ವೈದ್ಯಕೀಯ ವಿದ್ಯಾರ್ಥಿ ಮತ್ತು ಪಕ್ಕದಲ್ಲಿ ಅವನ ತಾಯಿ. ಆಕೆ ಡಾಕ್ಟರು. ಇಬ್ಬರೂ ಅಲ್ಲೇ ಸತ್ತರು. ಇನ್ನೊಂದು ಕಾರಿನಲ್ಲಿ ಒಂಬತ್ತು ವರ್ಷದ ಹುಡುಗ. ಇಂಥವರ ಮನೆಯವರು ಏಳು ವರ್ಷ ಕಾದರು. 2014ರಲ್ಲಿ ನಾಲ್ವರು ತಪ್ಪಿತಸ್ಥರು ಅಂತಾಯಿತು. 2020ರ ಡಿಸೆಂಬರ್‌ನಲ್ಲಿ ಟ್ರಂಪ್ ನಾಲ್ವರಿಗೂ ಕ್ಷಮಾದಾನ ಕೊಟ್ಟರು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ರವಿ:
ಖಾಸಗಿ ಸೈನಿಕ ಕಂಪನಿಗಳ ವಿಷಯದಲ್ಲಿ ಸರ್ಕಾರಗಳ ಹೊಣೆ ಏನು ಅಂತ ಹೇಳುವ 2008ರ ಮಾಂಟ್ರೋ ದಾಖಲೆ ಇದೆಯಲ್ಲ? ಸ್ವಿಟ್ಜರ್‌ಲೆಂಡ್ ಮತ್ತು ರೆಡ್‌ಕ್ರಾಸ್ ಸಮಿತಿ ಸೇರಿ ಮಾಡಿದ್ದು. 17 ದೇಶಗಳು ಒಪ್ಪಿಕೊಂಡಿದ್ದವು.

ಗಿರಿಜಾ:
ಇದೆ, ಒಳ್ಳೆಯದೇ. ಆದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಸರ್ಕಾರಗಳಿಗೆ ಮೊದಲೇ ಇರುವ ಹೊಣೆಯನ್ನು ನೆನಪಿಸುತ್ತದೆ, ಅಷ್ಟೆ. ಬಾಡಿಗೆ ಸೈನಿಕರ ವಿರುದ್ಧದ 1989ರ ವಿಶ್ವಸಂಸ್ಥೆ ಒಪ್ಪಂದದಲ್ಲಂತೂ ವ್ಯಾಖ್ಯೆಯೇ ಇಕ್ಕಟ್ಟು. ಒಂದು ಷರತ್ತು ತಪ್ಪಿದರೂ ಆರೋಪಿ ಜಾರಿಕೊಳ್ಳುತ್ತಾನೆ.

ಆಫ್ರಿಕಾದ ಮಾಲಿ ದೇಶದ ಮೂರಾ ಊರನ್ನೇ ನೋಡಿ. 2022ರ ಮಾರ್ಚ್ ಕೊನೆಯಲ್ಲಿ ಅಲ್ಲಿ ಕನಿಷ್ಠ 500 ಜನರನ್ನು ಕೊಂದರು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ವರದಿ ಕೊಟ್ಟಿತು. ಕೊಂದ ಮಾಲಿ ಸೇನೆಯ ಜೊತೆ ಇದ್ದವರನ್ನು ವರದಿ 'ವಿದೇಶಿ ಸೈನಿಕ ಸಿಬ್ಬಂದಿ' ಎಂದು ಕರೆಯಿತು. ಅವರು ರಷ್ಯಾದ ಖಾಸಗಿ ಸೈನಿಕ ಕಂಪನಿ ವ್ಯಾಗ್ನರ್‌ನವರು ಅಂತ ಹೇಳಿದವರು ಬಹಳ ಮಂದಿ. ತನಿಖೆಗೆ ಹೊರಟವರನ್ನು ಊರೊಳಗೆ ಬಿಡಲೇ ಇಲ್ಲ. ಬದುಕುಳಿದವರನ್ನು ಬೇರೆ ಕಡೆ ಮಾತಾಡಿಸಿ ವರದಿ ಬರೆದರು. ಅಂಥ ಕಡೆ ಯಾವ ದಾಖಲೆ ಏನು ಮಾಡೀತು?

ಶಶಿ:
ಹಾಗಾದರೆ ಗೆದ್ದವರು ಯಾರೂ ಇಲ್ವಾ?

ಗಿರಿಜಾ:
ಇದ್ದಾರೆ. ಇರಾಕಿನಲ್ಲಿ ಅಮೆರಿಕದ ಸೇನೆ ನಡೆಸುತ್ತಿದ್ದ ಅಬು ಘ್ರೈಬ್ ಜೈಲಿನಲ್ಲಿ ಹಿಂಸೆ ಅನುಭವಿಸಿದ ಮೂವರು ಇರಾಕಿಗಳು. ಒಬ್ಬರು ಶಾಲೆಯ ಮುಖ್ಯೋಪಾಧ್ಯಾಯರು, ಒಬ್ಬರು ಹಣ್ಣಿನ ವ್ಯಾಪಾರಿ, ಒಬ್ಬರು ಪತ್ರಕರ್ತರು. ಅಲ್ಲಿ ಕೈದಿಗಳನ್ನು ವಿಚಾರಿಸುವವರನ್ನು ಒದಗಿಸಿದ್ದ ಅಮೆರಿಕದ ಸಿಎಸಿಐ ಕಂಪನಿಯ ಮೇಲೆ 2008ರಲ್ಲಿ ದಾವೆ ಹೂಡಿದರು. ನಮ್ಮವರನ್ನು ನಡೆಸುತ್ತಿದ್ದದ್ದು ಸೇನೆ, ಹೊಣೆ ನಮ್ಮದಲ್ಲ ಅಂತ ಕಂಪನಿ ವಾದಿಸಿತು. 2024ರ ಏಪ್ರಿಲ್‌ನಲ್ಲಿ ಕೋರ್ಟಿನಲ್ಲಿ ವಿಚಾರಣೆ ಶುರುವಾಯಿತು, ಆದರೆ ಜ್ಯೂರಿ ಒಮ್ಮತಕ್ಕೆ ಬಾರದೆ ಮೇ ತಿಂಗಳಲ್ಲಿ ಅದು ರದ್ದಾಯಿತು. ಮತ್ತೆ ವಿಚಾರಣೆ ನಡೆದು ನವೆಂಬರ್‌ನಲ್ಲಿ 4.2 ಕೋಟಿ ಡಾಲರ್ ಪರಿಹಾರ ಅಂತ ತೀರ್ಪಾಯಿತು. ಕಂಪನಿ ಮೇಲ್ಮನವಿ ಹಾಕಿತು.

ಇದು ಸಿವಿಲ್ ಕೇಸು, ಇದರಿಂದ ಯಾರೂ ಜೈಲಿಗೆ ಹೋಗುವುದಿಲ್ಲ. ಆದರೂ ನನಗೆ ಇದು ದೊಡ್ಡದು ಅನಿಸುತ್ತದೆ. ಆ ಪತ್ರಕರ್ತ ಜ್ಯೂರಿ ಮುಂದೆ ನಿಂತು ತನಗೆ ಆಗಿದ್ದನ್ನು ತನ್ನ ಬಾಯಿಂದಲೇ ಹೇಳಿದರು. ನಿಮ್ಮ ಓದಿಗೆ ನಿಸೂರ್ ಜೊತೆ ಇದನ್ನೂ ಸೇರಿಸಿಕೊಳ್ಳಿ. ಎರಡರಲ್ಲೂ ಮೊದಲ ಹೇಳಿಕೆ ಯಾರು ತಗೊಂಡರು, ಗುತ್ತಿಗೆಯ ಪ್ರಕಾರ ಅಪ್ಪಣೆ ಕೊಡುವವರು ಯಾರು ಅನ್ನುವುದನ್ನು ಹುಡುಕಿ. ಸುಮ್ನೆ ಕಾನೂನಿನ ಹೆಸರು ಪಟ್ಟಿ ಮಾಡುವುದಕ್ಕಿಂತ ಜಾಸ್ತಿ ಅರ್ಥ ಆಗುತ್ತದೆ.