ಅಪ್‌ಡೇಟ್: ಡಿಕ್ಕಿಯ ಸಬ್‌ವೂಫರ್ ಬಾಕ್ಸ್ ಆಯ್ತು

ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಗೆ 10 ಇಂಚಿನ ಸಬ್ (ಸಬ್‌ವೂಫರ್, ಬೇಸ್ ಸದ್ದಿನ ಸ್ಪೀಕರ್) ಹಾಕಬೇಕು, ಸ್ಟೆಪ್ನಿ ತೆಗೆಯಲು ಅಡ್ಡ ಆಗಬಾರದು, ಬಾಕ್ಸ್ ಹೇಗೆ ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್ ಮಾರಾಯ್ರೆ. ಬಾಕ್ಸ್ ರೆಡಿ.

ಸೀಲ್ಡ್ ಬಾಕ್ಸೇ ಮಾಡಿದೆ, ಅಂದ್ರೆ ಗಾಳಿ ಹೊರಗೆ ಹೋಗದ ಹಾಗೆ ಪೂರ್ತಿ ಮುಚ್ಚಿದ್ದು. ಸಬ್‌ನ ಕಾಗದದಲ್ಲಿ ಬಾಕ್ಸಿನ ಒಳಗೆ 20 ಲೀಟರ್ ಜಾಗ ಬೇಕು ಅಂತ ಇತ್ತು. ಒಳಗಿನ ಅಳತೆ ಅಗಲ 40, ಎತ್ತರ 30 ಸೆಂ.ಮೀ., ಆಳ ಕೆಳಗೆ 22, ಮೇಲೆ 14, ಯಾಕಂದ್ರೆ ಹಿಂದಿನ ಸೀಟಿನ ಬೆನ್ನು ಓರೆ ಇದೆಯಲ್ವಾ, ಅದಕ್ಕೆ ಸರಿಯಾಗಿ ಕೂರಬೇಕು. ಲೆಕ್ಕ ಹಾಕಿದರೆ 21.6 ಲೀಟರ್. ಸಬ್‌ನ ಮ್ಯಾಗ್ನೆಟ್ ತಿನ್ನುವ ಜಾಗ ಕಳೆದರೆ ಸರಿಹೋಗುತ್ತದೆ.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ ಅಂದವರ ಮಾತು ಕೇಳಿದ್ದು ಒಳ್ಳೆಯದಾಯ್ತು. ಉಡುಪಿಯ ಮಳೆಗಾಲದಲ್ಲಿ ಡಿಕ್ಕಿಯ ಮ್ಯಾಟೇ ಒದ್ದೆಯಾಗುತ್ತದೆ, ಎಂಡಿಎಫ್ ನೀರು ಕುಡಿದರೆ ಉಬ್ಬುತ್ತದೆ. 18 ಮಿ.ಮೀ. ಮರೈನ್ ಪ್ಲೈ (ನೀರು ತಡೆಯುವ ಪ್ಲೈವುಡ್) ತಂದೆ. ನಮ್ಮ ಆಚಾರ್ರು ಓರೆ ಕಟ್ಟಿಂಗ್ ಅಷ್ಟು ಚೆನ್ನಾಗಿ ಮಾಡಿದರು, ಜಾಯಿಂಟಿನಲ್ಲಿ ಉಗುರೂ ಹೋಗುವುದಿಲ್ಲ.

ಮೊದಲ ದಿನ ಬೇಸ್ ಹೊಡೆದಾಗೆಲ್ಲ ಸುಯ್ ಅಂತ ಗಾಳಿಯ ಸದ್ದು. ಕೋನ್ (ಸ್ಪೀಕರಿನ ಮುಂದೆ ಅಲುಗುವ ಭಾಗ) ಮೆಲ್ಲ ಒತ್ತಿ ಬಿಟ್ಟರೆ ನಿಧಾನಕ್ಕೆ ವಾಪಸ್ ಬರಬೇಕಿತ್ತು, ಇದು ಪಟ್ಟನೆ ಬಂತು, ಅಂದ್ರೆ ಎಲ್ಲೋ ಗಾಳಿ ಸೋರುತ್ತಿತ್ತು. ವೈರ್ ಸಿಕ್ಕಿಸುವ ಟರ್ಮಿನಲ್ ಸುತ್ತ ಸಿಲಿಕೋನ್ ಹಚ್ಚಿರಲಿಲ್ಲ! ಹಚ್ಚಿ ಒಂದು ದಿನ ಒಣಗಲು ಬಿಟ್ಟೆ, ಸದ್ದು ಹೋಯಿತು.

ಈಗ ಚೆಂಡೆಯ ಪೆಟ್ಟು ಒಂದೊಂದೂ ಬೇರೆ ಬೇರೆ ಕೇಳುತ್ತದೆ, ಮೊದಲಿನ ಹಾಗೆ ಕಲಸಿ ಹೋಗುವುದಿಲ್ಲ. ನಂಬರ್ ಪ್ಲೇಟ್ ಮಾತ್ರ ನಡುಗುತ್ತಿತ್ತು, ಹಿಂದೆ ಫೋಮ್ ಅಂಟಿಸಿದೆ. ಬಾಕ್ಸನ್ನು ಎರಡು ಬೆಲ್ಟಿನಲ್ಲಿ ಕಟ್ಟಿದ್ದೇನೆ, ಬಿಚ್ಚಿದರೆ ಸ್ಟೆಪ್ನಿ ಸಿಗುತ್ತದೆ.